ಊರಿನ ರೋಟರಿ ಕ್ಲಬ್ಬಿಗೆ ವಿದೇಶದ ನಂಟು ಏಕೆ? ವಿನಿಮಯ ಮತ್ತು ಸೌಹಾರ್ದ ಯೋಜನೆಗಳ ಪರಿಚಯ

ಕಳೆದ ವರ್ಷ ನಮ್ಮ ಕ್ಲಬ್ಬಿನ ವಾರದ ಸಭೆಯಲ್ಲಿ ಹೊಸದಾಗಿ ಸೇರಿದ್ದ ಯುವ ಸದಸ್ಯರೊಬ್ಬರು ಎದ್ದು ನಿಂತು ಒಂದು ಪ್ರಶ್ನೆ ಕೇಳಿದರು. "ನಮ್ಮೂರಿನ ಶಾಲೆಯ ಮಾಡು ಸೋರುತ್ತಿದೆ. ಅಂಗನವಾಡಿಗೆ ಆವರಣ ಗೋಡೆ ಇಲ್ಲ. ಹೀಗಿರುವಾಗ ವಿದೇಶದ ಮಕ್ಕಳನ್ನು ಕರೆಸಿ ಮನೆಯಲ್ಲಿ ಇಟ್ಟುಕೊಳ್ಳುವುದು, ನಮ್ಮ ಮಕ್ಕಳನ್ನು ಅಲ್ಲಿಗೆ ಕಳುಹಿಸುವುದು ಯಾವ ಸೇವೆ? ಇದು ಉಳ್ಳವರ ಪ್ರವಾಸ ಅಲ್ಲವೇ?"

ಸಭೆ ಸುಮ್ಮನಾಯಿತು. ಅಧ್ಯಕ್ಷರು ನನ್ನ ಕಡೆ ನೋಡಿದರು. ಕೆಲವು ವರ್ಷಗಳಿಂದ ಅಂತರರಾಷ್ಟ್ರೀಯ ಸೇವೆಯ ಹೊಣೆ ನನ್ನ ಮೇಲಿದೆ. ಐದು ನಿಮಿಷದಲ್ಲಿ ನಾನು ಹೇಳಿದ ಉತ್ತರ ನನಗೇ ಸಮಾಧಾನ ಕೊಡಲಿಲ್ಲ. ಆಮೇಲೆ ಅಂಗಡಿಗೆ ಬಂದ ಪರಿಚಿತರೂ ಇದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಕೇಳಿದ್ದಾರೆ. ನಮ್ಮ ಸಮಾಜದ ಅನೇಕರು ರೋಟರಿಯಲ್ಲಿ ಇದ್ದಾರೆ. ಇಲ್ಲದವರಿಗೆ ಅದರ ಈ ಮುಖ ಅಷ್ಟಾಗಿ ಗೊತ್ತಿಲ್ಲ. ನಾನು ಪಿಯುಸಿ ಮುಗಿಸಿ ತಂದೆಯವರ ಅಂಗಡಿಯಲ್ಲಿ ಕುಳಿತವನು, ವಿದ್ವಾಂಸನಲ್ಲ. ಕಂಡದ್ದನ್ನು, ಮಾಡಿದ್ದನ್ನು, ಎಡವಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ರೋಟರಿ ಗಡಿ ದಾಟಿದ ಬಗೆ

ರೋಟರಿ ಆರಂಭವಾದದ್ದು 1905ರ ಫೆಬ್ರವರಿ 23ರಂದು ಅಮೆರಿಕದ ಶಿಕಾಗೋ ನಗರದಲ್ಲಿ. ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರು ಪರಿಚಿತರೊಡನೆ ಸೇರಿ ಮೊದಲ ಸಭೆ ನಡೆಸಿದರು. ಒಬ್ಬೊಬ್ಬರ ಕಚೇರಿಯಲ್ಲಿ ಸರದಿಯಂತೆ ಸಭೆ ಸೇರುತ್ತಿದ್ದುದರಿಂದ ರೋಟರಿ ಎಂಬ ಹೆಸರು ಬಂತು. 1910ರಲ್ಲಿ ಕೆನಡಾದ ವಿನಿಪೆಗ್‌ನಲ್ಲಿ ಕ್ಲಬ್ ಹುಟ್ಟಿತು. ಮರುವರ್ಷ ಐರ್ಲೆಂಡಿನ ಡಬ್ಲಿನ್‌ಗೆ ಹಬ್ಬಿತು. 1920ರ ಹೊತ್ತಿಗೆ ಭಾರತದ ಮೊದಲ ಕ್ಲಬ್ ಕಲ್ಕತ್ತದಲ್ಲಿ ಮಾನ್ಯತೆ ಪಡೆಯಿತು.

1917ರಲ್ಲಿ ಆಗಿನ ಅಧ್ಯಕ್ಷ ಆರ್ಚ್ ಕ್ಲಂಫ್, ಜಗತ್ತಿಗೆ ಒಳಿತು ಮಾಡಲು ಒಂದು ಶಾಶ್ವತ ನಿಧಿ ಬೇಕು ಎಂದು ಸೂಚಿಸಿದರು. ಅದಕ್ಕೆ ಬಂದ ಮೊದಲ ದೇಣಿಗೆ ಕಾನ್ಸಾಸ್ ಸಿಟಿ ಕ್ಲಬ್ಬಿನ 26 ಡಾಲರ್ 50 ಸೆಂಟ್ ಮಾತ್ರ. ಇಂದಿನ ರೋಟರಿ ಫೌಂಡೇಶನ್ ಬೆಳೆದದ್ದು ಇದರಿಂದ. 1947ರ ಜನವರಿಯಲ್ಲಿ ಪಾಲ್ ಹ್ಯಾರಿಸ್ ತೀರಿಕೊಂಡಾಗ ಅವರ ನೆನಪಿಗೆ ದೇಣಿಗೆ ಹರಿದು ಬಂತು. ಆ ಹಣದಿಂದ ಮೊದಲ ವರ್ಷ 18 ವಿದ್ಯಾರ್ಥಿಗಳು ಬೇರೆ ದೇಶಗಳಿಗೆ ಹೋಗಿ ಓದಿದರು. ಮಹಾಯುದ್ಧ ಮುಗಿದು ಎರಡು ವರ್ಷವೂ ಆಗಿರಲಿಲ್ಲ. ಒಂದು ದೇಶದ ಯುವಕ ಇನ್ನೊಂದು ದೇಶದ ಮನೆಯಲ್ಲಿ ಕುಳಿತು ಊಟ ಮಾಡಿದರೆ ಮುಂದೆ ಅವನು ಆ ದೇಶವನ್ನು ಸುಲಭವಾಗಿ ದ್ವೇಷಿಸಲಾರ ಎಂಬುದು ಇದರ ಹಿಂದಿನ ನಂಬಿಕೆ.

ರೋಟರಿಯ ಸದಸ್ಯರು ಪಾಲಿಸಬೇಕಾದ ನಾಲ್ಕು ಪ್ರಶ್ನೆಗಳ ಪರೀಕ್ಷೆಯೊಂದಿದೆ. 1932ರಲ್ಲಿ ಹರ್ಬರ್ಟ್ ಟೇಲರ್ ಎಂಬ ಶಿಕಾಗೋದ ವ್ಯಾಪಾರಿ, ದಿವಾಳಿಯ ಅಂಚಿಗೆ ಬಂದ ಪಾತ್ರೆ ಕಂಪನಿಯೊಂದನ್ನು ಮೇಲೆತ್ತಲು ಇದನ್ನು ಬರೆದರು. ಹೇಳುವುದು ಸತ್ಯವೇ, ಎಲ್ಲರಿಗೂ ನ್ಯಾಯವೇ, ಸ್ನೇಹ ಸೌಹಾರ್ದ ಬೆಳೆಸುತ್ತದೆಯೇ, ಎಲ್ಲರಿಗೂ ಹಿತವೇ ಎಂಬುದು ಅದರ ಸಾರ. ವ್ಯಾಪಾರಿಯಾದ ನನಗೆ ಇದು ಮೊದಲಿನಿಂದಲೂ ಮೆಚ್ಚುಗೆಯಾದದ್ದು. ಮುಂದೆ ಹೇಳುವ ಯೋಜನೆಗಳನ್ನೆಲ್ಲ ಈ ತಕ್ಕಡಿಯಲ್ಲೇ ತೂಗಬೇಕು.

ಯುವ ವಿನಿಮಯ ಎಂದರೇನು?

ರೋಟರಿ ಯುವ ವಿನಿಮಯದಲ್ಲಿ ಎರಡು ಬಗೆ. ದೀರ್ಘಾವಧಿಯದರಲ್ಲಿ 15ರಿಂದ 19 ವರ್ಷದೊಳಗಿನ ವಿದ್ಯಾರ್ಥಿ ಒಂದು ಶೈಕ್ಷಣಿಕ ವರ್ಷ ಬೇರೆ ದೇಶದಲ್ಲಿ ಇದ್ದು ಅಲ್ಲಿನ ಶಾಲೆಗೆ ಹೋಗುತ್ತಾನೆ. ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಸರದಿಯಂತೆ ವಾಸ. ಅಲ್ಪಾವಧಿಯದು ಕೆಲವು ವಾರಗಳದ್ದು. ಅದರಲ್ಲಿ ಬಹುತೇಕ ಮನೆಯಿಂದ ಮನೆಗೆ ವಿನಿಮಯ: ನಿಮ್ಮ ಮಗಳು ಅವರ ಮನೆಯಲ್ಲಿ ಇದ್ದು ಬರುತ್ತಾಳೆ, ಅವರ ಮಗಳು ನಿಮ್ಮ ಮನೆಗೆ ಬರುತ್ತಾಳೆ.

ರೋಟರಿ ಸದಸ್ಯರ ಮಕ್ಕಳಿಗೆ ಮಾತ್ರ ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲಿ ಇದೆ. ಹಾಗಿಲ್ಲ. ಯಾರ ಮಕ್ಕಳಾದರೂ ಊರಿನ ಕ್ಲಬ್ ಮೂಲಕ ಅರ್ಜಿ ಹಾಕಬಹುದು. ಊಟ ವಸತಿಯನ್ನು ಆತಿಥೇಯ ಮನೆಯವರು ನೋಡಿಕೊಳ್ಳುತ್ತಾರೆ. ದೀರ್ಘಾವಧಿಯ ವಿದ್ಯಾರ್ಥಿಗೆ ಆತಿಥೇಯ ಕ್ಲಬ್ ತಿಂಗಳಿಗೆ ಸ್ವಲ್ಪ ಕೈಖರ್ಚು ಕೊಡುತ್ತದೆ. ವಿಮಾನದ ಟಿಕೆಟ್, ವೀಸಾ, ವಿಮೆ ಹೆತ್ತವರದ್ದು. ಆ ಯುವ ಸದಸ್ಯರು ಹೇಳಿದ್ದರಲ್ಲಿ ನಿಜವಿರುವುದು ಇಲ್ಲಿಯೇ. ಟಿಕೆಟಿನ ಹಣ ಹೊಂದಿಸಲಾಗದ ಮನೆಯ ಮಗುವಿಗೆ ಈ ಬಾಗಿಲು ಬಹುಮಟ್ಟಿಗೆ ಮುಚ್ಚಿಯೇ ಇದೆ. ಇದನ್ನು ಒಪ್ಪಿಕೊಳ್ಳಬೇಕು.

ಶಿಸ್ತು ಬಿಗಿಯಾಗಿದೆ. ವಾಹನ ಓಡಿಸುವಂತಿಲ್ಲ, ಮದ್ಯ ಮುಟ್ಟುವಂತಿಲ್ಲ, ಮಾದಕ ವಸ್ತು ಕೂಡದು, ಪ್ರೇಮ ಪ್ರಸಂಗ ಬೇಡ. ಮುರಿದರೆ ಊರಿಗೆ ವಾಪಸು. ಪ್ರತಿ ವಿದ್ಯಾರ್ಥಿಗೂ ಆ ಮನೆಯವರಲ್ಲದ ಒಬ್ಬ ಮಾರ್ಗದರ್ಶಕರು ಇರಬೇಕು. ಮನೆಯಲ್ಲಿ ಏನಾದರೂ ತೊಂದರೆಯಾದರೆ ಮಗು ಯಾರಿಗೆ ಹೇಳಬೇಕು ಎಂಬುದಕ್ಕೆ ಈ ವ್ಯವಸ್ಥೆ. ಆತಿಥೇಯ ಮನೆಯವರ ಹಿನ್ನೆಲೆಯನ್ನೂ ಪರಿಶೀಲಿಸುತ್ತಾರೆ. "ನಮ್ಮನ್ನೇ ತನಿಖೆ ಮಾಡುತ್ತೀರಾ" ಎಂದು ಕೆಲವರು ಬೇಸರಿಸಿದ್ದುಂಟು. ನಮ್ಮ ಮಗಳು ಹೋಗುವ ಮನೆಯನ್ನೂ ಹೀಗೆಯೇ ನೋಡುತ್ತಾರೆ ಎಂದ ಮೇಲೆ ಸುಮ್ಮನಾದರು.

ನಮ್ಮ ಮನೆಗೆ ಬಂದ ಹುಡುಗಿ

ಕೆಲವು ವರ್ಷಗಳ ಹಿಂದೆ ಬ್ರೆಜಿಲ್ ದೇಶದ 17 ವರ್ಷದ ಹುಡುಗಿಯೊಬ್ಬಳು ಮೂರು ತಿಂಗಳು ನಮ್ಮ ಮನೆಯಲ್ಲಿ ಇದ್ದಳು. ಬಂದದ್ದು ಆಗಸ್ಟಿನಲ್ಲಿ, ಕರಾವಳಿಯ ಮಳೆ ಬಿಡದೆ ಸುರಿಯುವ ಕಾಲ. ಬಟ್ಟೆ ಒಣಗುತ್ತಿರಲಿಲ್ಲ. ಅವಳ ಮಾತೃಭಾಷೆ ಪೋರ್ಚುಗೀಸ್. ಇಂಗ್ಲಿಷ್ ಅವಳಿಗೂ ಅಷ್ಟಕ್ಕಷ್ಟೆ, ನಮಗೂ ಅಷ್ಟಕ್ಕಷ್ಟೆ. ಮೊದಲ ವಾರ ಕೋಣೆಯಲ್ಲಿ ಕುಳಿತು ಅತ್ತದ್ದನ್ನು ನನ್ನ ಹೆಂಡತಿ ಕೇಳಿಸಿಕೊಂಡಿದ್ದಳು.

ಮಾಂಸ ತಿಂದು ಬೆಳೆದ ಹುಡುಗಿ. ನಮ್ಮದು ಮೊಟ್ಟೆಯೂ ಇಲ್ಲದ ಮನೆ. ಸಂಜೆ ಬೆಳಕಿರುವಾಗಲೇ ಊಟ ಮುಗಿಯುತ್ತದೆ. ಅವಳು ಹೇಗೆ ಒಗ್ಗುತ್ತಾಳೋ ಎಂಬ ಹೆದರಿಕೆ ನಮಗೆ. ಅವಳು ಒಮ್ಮೆಯೂ ಮಾಂಸ ಕೇಳಲಿಲ್ಲ. ಆದರೆ ರಾತ್ರಿ ಒಂಬತ್ತಕ್ಕೆ ಹಸಿವಾಗುತ್ತಿತ್ತು, ಹೇಳಲು ಸಂಕೋಚ. ಮಾರ್ಗದರ್ಶಕರಿಂದ ವಿಷಯ ತಿಳಿಯಿತು. ನಮ್ಮ ತಾಯಿಗೆ ಆಗ 80 ದಾಟಿತ್ತು. "ನೇಮ ನನಗೆ, ಆ ಮಗುವಿಗಲ್ಲ" ಎಂದು ಹೇಳಿ, ಅವಳಿಗೆಂದು ಹಣ್ಣು, ಹಾಲು, ಎರಡು ನೀರುದೋಸೆ ತೆಗೆದಿರಿಸಲು ಹೇಳಿದರು. ನಾವು ಯಾರೂ ಅವರಿಂದ ಆ ಮಾತನ್ನು ನಿರೀಕ್ಷಿಸಿರಲಿಲ್ಲ.

ಆಮೇಲೆ ಅಜ್ಜಿಯೊಡನೆ ಅವಳ ಗೆಳೆತನ ಬೆಳೆಯಿತು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು, ಆದರೂ ಜಗಲಿಯಲ್ಲಿ ಕುಳಿತು ಹೂ ಕಟ್ಟುತ್ತಿದ್ದರು. ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಕರೆದೊಯ್ದಾಗ, ಕಂಬಗಳು ಒಂದರಂತೆ ಇನ್ನೊಂದು ಏಕಿಲ್ಲ ಎಂದು ಕೇಳಿದಳು. ನಾನು ಅಷ್ಟು ವರ್ಷ ಹೋಗಿಬಂದರೂ ಅದನ್ನು ಗಮನವಿಟ್ಟು ನೋಡಿರಲಿಲ್ಲ. ತಾಯಿ ತೀರಿಕೊಂಡಾಗ ಅವಳು ಫೋನಿನಲ್ಲಿ ಅತ್ತಳು. ಅವಳೂರಿಗೆ ನಾವು ಹೋಗಿಲ್ಲ, ಹೋಗುವುದೂ ಇಲ್ಲ. ಆದರೂ ಅಲ್ಲಿ ನೆರೆ ಬಂತು ಎಂದು ಟಿವಿಯಲ್ಲಿ ಕೇಳಿದರೆ ಮನೆಯವರೆಲ್ಲ ಎದ್ದು ಹತ್ತಿರ ಬಂದು ನೋಡುತ್ತೇವೆ.

ಆತಿಥೇಯರು ತಿಳಿದಿರಬೇಕಾದ ಒಂದು ಕಾನೂನಿನ ಮಾತು. ವಿದೇಶಿ ಪ್ರಜೆಯನ್ನು ಮನೆಯಲ್ಲಿ ಉಳಿಸಿಕೊಂಡರೆ 24 ಗಂಟೆಯೊಳಗೆ ಅದರ ಮಾಹಿತಿಯನ್ನು ಆನ್‌ಲೈನ್ ಮೂಲಕ ಸಲ್ಲಿಸಬೇಕು. ಇದು ಹೋಟೆಲಿನವರಿಗೆ ಮಾತ್ರ ಎಂದು ತಿಳಿದವರು ಹೆಚ್ಚು. ಮನೆಗೂ ಅನ್ವಯಿಸುತ್ತದೆ.

ಹಿರಿಯರ ವಿನಿಮಯ

ದುಡಿಯುವ ವಯಸ್ಸಿನವರಿಗಾಗಿ 1965ರಲ್ಲಿ ಗ್ರೂಪ್ ಸ್ಟಡಿ ಎಕ್ಸ್‌ಚೇಂಜ್ ಆರಂಭವಾಯಿತು. ಒಬ್ಬ ರೋಟರಿ ಸದಸ್ಯರ ಮುಂದಾಳತ್ವದಲ್ಲಿ ರೋಟರಿಯಲ್ಲದ ಯುವ ವೃತ್ತಿಪರರ ತಂಡವೊಂದು ನಾಲ್ಕಾರು ವಾರ ಬೇರೆ ದೇಶಕ್ಕೆ ಹೋಗಿ, ಮನೆಗಳಲ್ಲಿ ಉಳಿದು, ತಮ್ಮ ವೃತ್ತಿ ಅಲ್ಲಿ ಹೇಗೆ ನಡೆಯುತ್ತದೆಂದು ನೋಡಿ ಬರುತ್ತಿತ್ತು. ಶಿಕ್ಷಕರು, ಕೃಷಿ ಅಧಿಕಾರಿಗಳು, ಪತ್ರಕರ್ತರು ಹೀಗೆ ಹೋದವರು. ಖರ್ಚು ಫೌಂಡೇಶನ್‌ನದ್ದಾದ ಕಾರಣ ಸಾಧಾರಣ ಮನೆಯವರಿಗೂ ಅವಕಾಶವಿತ್ತು. 2013ರಲ್ಲಿ ಅದು ನಿಂತಿತು. ಈಗ ಅದರ ಜಾಗದಲ್ಲಿ ವೃತ್ತಿ ತರಬೇತಿ ತಂಡಗಳಿವೆ. ನೋಡಿ ಬರುವುದಷ್ಟೇ ಅಲ್ಲ, ಕಲಿಯುವುದು ಅಥವಾ ಕಲಿಸುವುದು ಇರಬೇಕು. ಫ್ರೆಂಡ್‌ಶಿಪ್ ಎಕ್ಸ್‌ಚೇಂಜ್ ಎಂಬುದು ಬೇರೆ. ಅದರಲ್ಲಿ ಸದಸ್ಯರು ಸ್ವಂತ ಖರ್ಚಿನಲ್ಲಿ ಹೋಗಿ ಪರಸ್ಪರರ ಮನೆಗಳಲ್ಲಿ ಉಳಿಯುತ್ತಾರೆ. ಇದಕ್ಕೆ ಕ್ಲಬ್ಬಿನ ಸೇವಾ ನಿಧಿಯಿಂದ ಒಂದು ಪೈಸೆಯೂ ಹೋಗಬಾರದು. ನಮ್ಮಲ್ಲಿ ಹೋಗುವುದಿಲ್ಲ.

ಹಣ ಬರುವ ದಾರಿ

ಜನರಿಗೆ ಹೆಚ್ಚು ಅನುಮಾನ ಇರುವುದು ಹಣದ ಬಗ್ಗೆ. ಸದಸ್ಯರು ಫೌಂಡೇಶನ್ನಿನ ವಾರ್ಷಿಕ ನಿಧಿಗೆ ಕೊಟ್ಟ ಹಣವನ್ನು ಮೂರು ವರ್ಷ ಹೂಡಿಕೆ ಮಾಡಿ, ಆಮೇಲೆ ಸುಮಾರು ಅರ್ಧದಷ್ಟನ್ನು ಅದೇ ರೋಟರಿ ಜಿಲ್ಲೆಯ ಬಳಕೆಗೆ ಬಿಡುತ್ತಾರೆ. ಉಳಿದದ್ದು ವಿಶ್ವ ನಿಧಿಗೆ ಸೇರುತ್ತದೆ. ಇಲ್ಲಿ ಜಿಲ್ಲೆ ಎಂದರೆ ಕಂದಾಯ ಜಿಲ್ಲೆಯಲ್ಲ. ಉದಾಹರಣೆಗೆ ದಕ್ಷಿಣ ಕನ್ನಡ, ಕೊಡಗು, ಮೈಸೂರು ಕಡೆಯ ಕ್ಲಬ್ಬುಗಳು ರೋಟರಿ ಜಿಲ್ಲೆ 3181ಕ್ಕೆ ಸೇರುತ್ತವೆ.

ದೊಡ್ಡ ಕೆಲಸಕ್ಕೆ ಗ್ಲೋಬಲ್ ಗ್ರಾಂಟ್ ಎಂಬ ನೆರವು ಇದೆ. ಅದರ ಕನಿಷ್ಠ ಮೊತ್ತ 30,000 ಡಾಲರ್, ಅಂದರೆ ಈಗಿನ ಲೆಕ್ಕದಲ್ಲಿ 25 ಲಕ್ಷ ರೂಪಾಯಿಗೂ ಮೇಲೆ. ಕೆಲಸ ನಡೆಯುವ ಊರಿನ ಕ್ಲಬ್ ಒಂದು, ಬೇರೆ ದೇಶದ ಕ್ಲಬ್ ಒಂದು, ಇಬ್ಬರೂ ಪಾಲುದಾರರಾಗಲೇಬೇಕು. ಜಿಲ್ಲಾ ನಿಧಿಯಿಂದ ಬಂದ ಮೊತ್ತಕ್ಕೆ ಈಗಿನ ನಿಯಮದಂತೆ ವಿಶ್ವ ನಿಧಿಯಿಂದ ಶೇ. 80ರಷ್ಟು ಸೇರುತ್ತದೆ. ಕುಡಿಯುವ ನೀರು, ರೋಗ ತಡೆ, ತಾಯಿ ಮಗುವಿನ ಆರೋಗ್ಯ, ಶಿಕ್ಷಣ, ಊರಿನ ಆರ್ಥಿಕ ಬೆಳವಣಿಗೆ, ಶಾಂತಿ, ಪರಿಸರ ಎಂಬ ಏಳು ಕ್ಷೇತ್ರಗಳಲ್ಲಿ ಒಂದಕ್ಕೆ ಆ ಕೆಲಸ ಸೇರಿರಬೇಕು. ಈ ಕ್ಷೇತ್ರಗಳಲ್ಲಿ ವಿದೇಶದಲ್ಲಿ ಸ್ನಾತಕೋತ್ತರ ಓದಲು ಹೋಗುವ ವಿದ್ಯಾರ್ಥಿಗಳಿಗೂ ಇದೇ ಗ್ರಾಂಟಿನಿಂದ ವಿದ್ಯಾರ್ಥಿವೇತನ ಸಿಗುತ್ತದೆ. ಇದು ನಮ್ಮ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ.

ಹಣವನ್ನು ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿಟ್ಟು ಇಬ್ಬರು ಸಹಿ ಹಾಕಬೇಕು. ರಸೀದಿಗಳನ್ನು ಕನಿಷ್ಠ ಐದು ವರ್ಷ ಜೋಪಾನ ಮಾಡಬೇಕು. ಇನ್ನು ವಿದೇಶದ ಗೆಳೆಯರು ನೇರವಾಗಿ ಊರಿನ ಟ್ರಸ್ಟಿಗೆ ಹಣ ಕಳುಹಿಸುತ್ತೇವೆ ಎಂದರೆ ಖುಷಿಪಟ್ಟು ಖಾತೆ ನಂಬರ್ ಕೊಡಬೇಡಿ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಅದನ್ನು ಸ್ವೀಕರಿಸುವುದು ಅಪರಾಧ. 2020ರ ತಿದ್ದುಪಡಿಯ ನಂತರ ಅಂಥ ಹಣ ಮೊದಲು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಬಂದದ್ದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ನಮ್ಮ ಬಸದಿ, ಶಾಲೆಗಳ ಟ್ರಸ್ಟಿಗಳೂ ಇದನ್ನು ತಿಳಿದಿರುವುದು ಒಳ್ಳೆಯದು.

ನಾವು ಎಡವಿದ್ದು

ಇಷ್ಟು ನಿಯಮ ಯಾಕೆ ಎಂದು ಮೊದಲು ನಾನೂ ಗೊಣಗಿದ್ದೇನೆ. ಉತ್ತರ ನಮ್ಮ ಕ್ಲಬ್ಬಿನಲ್ಲೇ ಸಿಕ್ಕಿತು. ಬಹಳ ಹಿಂದೆ ಯುರೋಪಿನ ಒಂದು ಕ್ಲಬ್ಬಿನ ನೆರವಿನಿಂದ ನಾವು ಹಲವು ಸರ್ಕಾರಿ ಶಾಲೆಗಳಿಗೆ ನೀರು ಶುದ್ಧೀಕರಣ ಯಂತ್ರ ಹಾಕಿಸಿದ್ದೆವು. ರಿಬ್ಬನ್ ಕತ್ತರಿಸಿದೆವು, ಫೋಟೋ ಕಳುಹಿಸಿದೆವು. ಯಂತ್ರದ ಆಯ್ಕೆ, ಖರೀದಿ ಎಲ್ಲ ನನ್ನದೇ. ದರದಲ್ಲಿ ಚೌಕಾಸಿ ಮಾಡಿ ಹಣ ಉಳಿಸಿದೆ ಎಂದು ಹೆಮ್ಮೆಯೂ ಇತ್ತು.

ಎರಡು ವರ್ಷದ ಮೇಲೆ ಆ ಕ್ಲಬ್ಬಿನ ಹಿರಿಯ ದಂಪತಿ ಬಂದರು. ತಮ್ಮ ಊರಿನಲ್ಲಿ ಕೇಕ್ ಮಾರಿ, ಸಂಗೀತ ಕಾರ್ಯಕ್ರಮ ಇಟ್ಟು ಹಣ ಕೂಡಿಸಿದವರು ಅವರು. ಶಾಲೆ ನೋಡಬೇಕೆಂದರು. ಮೊದಲ ಶಾಲೆಯಲ್ಲಿ ಯಂತ್ರಕ್ಕೆ ಬಟ್ಟೆ ಮುಚ್ಚಿತ್ತು. ಎರಡನೆಯದರಲ್ಲಿ ಅದರ ಮೇಲೆ ಪುಸ್ತಕ ಪೇರಿಸಿದ್ದರು. ಮಕ್ಕಳು ಹಿಂದಿನಂತೆ ಬಾವಿ ನೀರೇ ಕುಡಿಯುತ್ತಿದ್ದರು. ಫಿಲ್ಟರ್ ಬದಲಿಸಲು ಯಾರಲ್ಲೂ ಹಣವಿರಲಿಲ್ಲ, ಯಾರ ಕೆಲಸ ಎಂಬುದೂ ತೀರ್ಮಾನವಾಗಿರಲಿಲ್ಲ. ಮುಖ್ಯೋಪಾಧ್ಯಾಯಿನಿ ಮೆಲ್ಲಗೆ ಹೇಳಿದರು, "ಸರ್, ನಮ್ಮನ್ನು ಕೇಳಿದ್ದರೆ ಮೊದಲು ಟ್ಯಾಂಕ್ ರಿಪೇರಿ ಮಾಡಿಕೊಡಿ ಎನ್ನುತ್ತಿದ್ದೆವು." ಆ ದಂಪತಿ ಏನೂ ಹೇಳಲಿಲ್ಲ. ನಗುತ್ತಲೇ ಮಕ್ಕಳ ಜೊತೆ ಫೋಟೋ ತೆಗೆಸಿಕೊಂಡರು. ಆ ದಿನ ಕಾರಿನಲ್ಲಿ ಅವರ ಪಕ್ಕ ಕುಳಿತು ಬಂದ ಅರ್ಧ ಗಂಟೆ ನನಗೆ ಇಂದಿಗೂ ನೆನಪಿದೆ.

ಈಗ ಗ್ಲೋಬಲ್ ಗ್ರಾಂಟಿಗೆ ಅರ್ಜಿ ಹಾಕುವ ಮೊದಲು ಊರವರ ಅಗತ್ಯವೇನೆಂದು ಸಮೀಕ್ಷೆ ಮಾಡಲೇಬೇಕು. ನೆರವು ಮುಗಿದ ಮೇಲೆ ಯಾರು ನಡೆಸುತ್ತಾರೆ, ಖರ್ಚು ಎಲ್ಲಿಂದ ಎಂಬುದನ್ನೂ ಬರೆಯಬೇಕು. ಆ ಯಂತ್ರಗಳಲ್ಲಿ ಸರಿಯಾಗುವಂಥವನ್ನು ನಾವು ನಮ್ಮದೇ ಹಣದಿಂದ ಸರಿಪಡಿಸಿದೆವು. ಫಿಲ್ಟರ್ ಬದಲಿಸಿದ ದಿನಾಂಕ ಬರೆಯುವ ಪುಸ್ತಕವೊಂದು ಈಗ ಪ್ರತಿ ಶಾಲೆಯಲ್ಲೂ ತೂಗುತ್ತಿದೆ.

ಪಡೆದದ್ದು, ಕೊಟ್ಟದ್ದು

ವಿದೇಶದ ನಂಟಿನಿಂದ ನಮಗೆ ಆದ ದೊಡ್ಡ ಲಾಭ ಪೋಲಿಯೊ ನಿರ್ಮೂಲನೆ. 1985ರಲ್ಲಿ ರೋಟರಿ ಪೋಲಿಯೊಪ್ಲಸ್ ಆರಂಭಿಸಿತು. 1988ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮೊದಲಾದವು ಸೇರಿ ಜಾಗತಿಕ ಅಭಿಯಾನವಾಯಿತು. ಆಗ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 3,50,000 ಮಕ್ಕಳಿಗೆ ಪೋಲಿಯೊ ತಗಲುತ್ತಿತ್ತು. ಭಾರತದಲ್ಲಿ 2009ರಲ್ಲೂ 741 ಪ್ರಕರಣಗಳಿದ್ದವು. ಕೊನೆಯ ಪ್ರಕರಣ 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯ ಹೆಣ್ಣು ಮಗುವಿನದು. 2014ರ ಮಾರ್ಚ್ 27ರಂದು ನಮ್ಮ ವಲಯ ಪೋಲಿಯೊಮುಕ್ತ ಎಂದು ಘೋಷಣೆಯಾಯಿತು. ಸರ್ಕಾರ, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ಹಗಲಿರುಳು ದುಡಿದ ಫಲ ಅದು. ನಾವು ಬಸ್ ನಿಲ್ದಾಣದಲ್ಲಿ ಮೇಜು ಹಾಕಿ, ಮಕ್ಕಳ ಕಿರುಬೆರಳಿಗೆ ಶಾಯಿ ಹಚ್ಚಿದವರು. ಯಾವುದೋ ದೇಶದ ನಿವೃತ್ತ ಶಿಕ್ಷಕರೊಬ್ಬರು ಕೊಟ್ಟ ಹಣ ಆ ಹನಿಗಳಲ್ಲಿ ಇತ್ತು. ಅಲ್ಲಿಂದ ಎಷ್ಟೋ ಸದಸ್ಯರು ಸ್ವಂತ ಖರ್ಚಿನಲ್ಲಿ ಬಂದು ಉತ್ತರ ಭಾರತದ ಓಣಿಗಳಲ್ಲಿ ಹನಿ ಹಾಕಿದ್ದಾರೆ.

ಕೃತಕ ಕೈ ಇನ್ನೊಂದು. ಅಮೆರಿಕದ ವಿನ್ಯಾಸಕಾರ ಅರ್ನಿ ಮೆಡೋಸ್ ಅಪಘಾತದಲ್ಲಿ ತೀರಿಕೊಂಡ ತಮ್ಮ ಮಗಳು ಎಲೆನ್ ನೆನಪಿಗೆ ಎಲ್‌ಎನ್-4 ಎಂಬ ಕೈಯನ್ನು ರೂಪಿಸಿದರು. ಅದನ್ನು ಮಾರುವುದಿಲ್ಲ, ಉಚಿತವಾಗಿ ಕೊಡುತ್ತಾರೆ. ಕರ್ನಾಟಕದ ರೋಟರಿ ಕ್ಲಬ್ಬುಗಳು ಇದರ ಶಿಬಿರ ನಡೆಸುತ್ತಾ ಬಂದಿವೆ. ಶಸ್ತ್ರಚಿಕಿತ್ಸೆ ಬೇಡ, ವಿದ್ಯುತ್ ಬೇಡ. ಮೊಣಕೈಯಿಂದ ಕೆಳಗೆ ಸ್ವಲ್ಪ ಭಾಗ ಉಳಿದಿರಬೇಕು. ಮರದ ಮಿಲ್ಲಿನಲ್ಲಿ ಕೈ ಕಳೆದುಕೊಂಡ ಒಬ್ಬರು ಶಿಬಿರದಲ್ಲಿ ಅರ್ಧ ಗಂಟೆಯ ಅಭ್ಯಾಸದ ಬಳಿಕ ಪೆನ್ನು ಹಿಡಿದು ಹೆಸರು ಬರೆದದ್ದನ್ನು ನೋಡಿದ್ದೇನೆ. ಬರೆದ ಕಾಗದವನ್ನು ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡು ಹೋದರು.

ನಾವು ಪಡೆಯುವವರು ಮಾತ್ರ ಅಲ್ಲ. ಚಂಡೀಗಢದ ರಾಜೇಂದ್ರ ಸಾಬು ಅವರು 1991-92ರಲ್ಲಿ ರೋಟರಿಯ ಅಂತರರಾಷ್ಟ್ರೀಯ ಅಧ್ಯಕ್ಷರಾಗಿದ್ದರು. ಅವರ ಮುಂದಾಳತ್ವದಲ್ಲಿ 1998ರಲ್ಲಿ ಭಾರತದ ವೈದ್ಯರ ತಂಡ ಉಗಾಂಡಾಕ್ಕೆ ಹೋಗಿ ಉಚಿತ ಶಸ್ತ್ರಚಿಕಿತ್ಸೆ ಮಾಡಿತು. ಆಮೇಲೆ ಆಫ್ರಿಕಾದ ಹಲವು ದೇಶಗಳಿಗೆ ಇಂಥ ತಂಡಗಳು ಹೋಗಿವೆ. ಭಗವಾನ್ ಮಹಾವೀರರ ಹೆಸರಿನಲ್ಲಿ ಡಿ. ಆರ್. ಮೆಹ್ತಾ ಅವರು 1975ರಲ್ಲಿ ಸ್ಥಾಪಿಸಿದ ಜೈಪುರದ ವಿಕಲಾಂಗ ಸಹಾಯತಾ ಸಮಿತಿ ನಮ್ಮ ಓದುಗರಿಗೆ ಪರಿಚಿತವೇ. ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ಡಾ. ಪಿ. ಕೆ. ಸೇಠಿ ರೂಪಿಸಿದ ಜೈಪುರ ಕಾಲು ಹಾಕಿಕೊಂಡವರು ಬರಿಗಾಲಲ್ಲಿ ನಡೆಯಬಹುದು, ಗದ್ದೆಗೆ ಇಳಿಯಬಹುದು, ಕುಕ್ಕುರುಗಾಲಲ್ಲಿ ಕೂರಬಹುದು. ಏಷ್ಯಾ, ಆಫ್ರಿಕಾದ ದೇಶಗಳಲ್ಲಿ ಅದರ ಶಿಬಿರಗಳು ನಡೆದಿವೆ. ಎಷ್ಟೋ ಕಡೆ ರೋಟರಿ ಕ್ಲಬ್ಬುಗಳು ಕೈಜೋಡಿಸಿವೆ.

ಮಕ್ಕಳನ್ನು ಕಳುಹಿಸುವವರಿಗೆ

ನಮ್ಮ ಮನೆಗಳಲ್ಲಿ ಮೊದಲ ಪ್ರಶ್ನೆ ಊಟದ್ದೇ. ಅರ್ಜಿಯಲ್ಲಿ ಆಹಾರದ ಬಗ್ಗೆ ಕೇಳುತ್ತಾರೆ. ಬರೇ ಸಸ್ಯಾಹಾರಿ ಎಂದು ಬರೆದರೆ ಸಾಲದು. ಮೀನು, ಮೊಟ್ಟೆ ಕೂಡ ಇಲ್ಲ ಎಂದು ಬಿಡಿಸಿ ಬರೆಯಿರಿ. ಗೆಡ್ಡೆ ತರಕಾರಿ ಬಿಟ್ಟವರು ಅವುಗಳ ಹೆಸರನ್ನೂ ಬರೆಯಿರಿ. ಕೇಕಿನಲ್ಲಿ ಮೊಟ್ಟೆ, ಕೆಲವು ಚೀಸ್‌ಗಳಲ್ಲಿ ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್, ಮೆತ್ತಗಿನ ಮಿಠಾಯಿಗಳಲ್ಲಿ ಜೆಲಾಟಿನ್ ಇರುತ್ತದೆ ಎಂದು ಮಗುವಿಗೆ ಮೊದಲೇ ತಿಳಿಸಿರಿ. ಯುರೋಪಿನಲ್ಲಿ ಬೇಸಿಗೆಯಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತದೆ, ಸೂರ್ಯಾಸ್ತದ ಮೊದಲು ಊಟ ಕಷ್ಟವಲ್ಲ. ಚಳಿಗಾಲದಲ್ಲಿ ಐದಕ್ಕೇ ಕತ್ತಲು, ಮಗು ಶಾಲೆಯಿಂದ ಬರುವುದೇ ಆಗ. ಎಷ್ಟು ಪಾಲಿಸಬಲ್ಲೆ ಎಂಬುದನ್ನು ಮಗುವೇ ಹೋಗುವ ಮೊದಲು ಮನೆಯವರೊಡನೆ ಕುಳಿತು ತೀರ್ಮಾನಿಸಲಿ. ನಾಲ್ಕು ಅಡುಗೆ ಕಲಿತು ಹೋದ ಮಕ್ಕಳು ಅಲ್ಲಿ ಬೇಗ ಒಗ್ಗಿಕೊಂಡಿದ್ದಾರೆ, ಆ ಮನೆಯವರಿಗೂ ಪ್ರೀತಿಪಾತ್ರರಾಗಿದ್ದಾರೆ.

ಆ ಪ್ರಶ್ನೆಗೆ ಉತ್ತರ

ಶಾಲೆಯ ಮಾಡು ಮೊದಲೋ, ವಿನಿಮಯ ಮೊದಲೋ? ಮಾಡು ಮೊದಲು, ಅನುಮಾನವಿಲ್ಲ. ಅದಕ್ಕೆ ವಿದೇಶದ ಹಣ ಬೇಕಿಲ್ಲ, ನಾವೇ ಮಾಡಬೇಕು. ಮಳೆಗಾಲಕ್ಕೆ ಮೊದಲು ಹಂಚು ಬದಲಿಸಿಕೊಟ್ಟೆವು. ಆದರೆ ಊರಿನ ಕೆಲಸ ಪೂರ್ತಿ ಮುಗಿದ ಮೇಲೆ ಹೊರಗಿನವರ ಸ್ನೇಹ ಎಂದು ಅಲ್ಲಿನವರೂ ಕುಳಿತಿದ್ದರೆ ನಮ್ಮ ಮಕ್ಕಳಿಗೆ ಹನಿ ಸಿಗಲು ಇನ್ನಷ್ಟು ತಡವಾಗುತ್ತಿತ್ತು. ಅವರ ಊರಿನಲ್ಲೂ ಸೋರುವ ಮಾಡುಗಳು ಇದ್ದೇ ಇರುತ್ತವೆ.

ಬಡ ಮನೆಯ ಮಕ್ಕಳಿಗೆ ಬಾಗಿಲು ತೆರೆಯಬೇಕು ಎಂಬ ಮಾತು ಮಾತ್ರ ಉಳಿದೇ ಇದೆ. ಅಲ್ಪಾವಧಿ ವಿನಿಮಯಕ್ಕೆ ಹೋಗುವ ಸರ್ಕಾರಿ ಕಾಲೇಜಿನ ಒಬ್ಬ ವಿದ್ಯಾರ್ಥಿಯ ಟಿಕೆಟಿಗೆಂದು ಈ ವರ್ಷ ಕೆಲವು ಸದಸ್ಯರು ಸ್ವಂತ ಹಣ ಕೂಡಿಡಲು ಶುರುಮಾಡಿದ್ದೇವೆ. ಅರ್ಧದಷ್ಟೂ ಇನ್ನೂ ಆಗಿಲ್ಲ. ಅಂತರರಾಷ್ಟ್ರೀಯ ಸೇವೆಯ ಹೊಣೆಯನ್ನು ನಾನು ಬಿಟ್ಟು, ಪ್ರಶ್ನೆ ಕೇಳಿದ ಆ ಯುವ ಸದಸ್ಯರಿಗೇ ವಹಿಸಿದ್ದೇವೆ. ಲೆಕ್ಕದ ಪುಸ್ತಕ ಈಗ ಅವರ ಕೈಯಲ್ಲಿದೆ. ನಿಮ್ಮ ಊರಿನಲ್ಲಿ ಕ್ಲಬ್ ಇದ್ದರೆ ನೀವೂ ಒಂದು ದಿನ ಹೋಗಿ, ಅವರನ್ನು ಇದೇ ಪ್ರಶ್ನೆ ಕೇಳಿ. ಒಳ್ಳೆಯ ಕ್ಲಬ್ ಆಗಿದ್ದರೆ ಬೇಸರ ಮಾಡಿಕೊಳ್ಳುವುದಿಲ್ಲ.